87 ಪಿನ್ ಕೆಡವಿದವರು ಸೋತದ್ದೇಕೆ?

ಲೆಕ್ಕದ ಮಾಸ್ತರರನ್ನು ಕೇಳಿ: ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ನಿವೃತ್ತ ಗಣಿತ ಶಿಕ್ಷಕರ ಉತ್ತರ

ಆಟಗಳ ಅಂಕ ಎಣಿಕೆಯ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಕಬಡ್ಡಿ, ಕೇರಂ, ಟೆನಿಸ್ ಎಲ್ಲವೂ ಬಂದಿವೆ, ಅವುಗಳಿಗೆ ಮುಂದೆ ಉತ್ತರಿಸುತ್ತೇನೆ. ಹತ್ತು ಪಿನ್‌ಗಳ ಬೌಲಿಂಗ್ ಬಗ್ಗೆಯೇ ಇಷ್ಟು ಪತ್ರಗಳು ಬಂದಿರುವುದರಿಂದ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಉದ್ದನೆಯ ಹಾದಿಯ (ಲೇನ್) ಕೊನೆಯಲ್ಲಿ ನಿಲ್ಲಿಸಿದ ಹತ್ತು ಪಿನ್ನುಗಳನ್ನು ಚೆಂಡು ಉರುಳಿಸಿ ಕೆಡವುವ ಆಟ ಅದು. ಆ ಹಾದಿಯ ಎರಡೂ ಬದಿಯ ಕಾಲುವೆಗೆ ಗಟಾರ ಎನ್ನುತ್ತಾರೆ.

ಪ್ರಶ್ನೆ: ಮಾಸ್ತರರೇ, ನಮಸ್ಕಾರ. ದಸರಾ ರಜೆಗೆ ಬೆಂಗಳೂರಿನಲ್ಲಿರುವ ಮೈದುನನ ಮನೆಗೆ ಹೋಗಿದ್ದೆವು. ಒಂದು ಮಾಲ್‌ನಲ್ಲಿ ಎಲ್ಲರೂ ಬೌಲಿಂಗ್ ಆಡಿದೆವು. ನನ್ನ ಮೊದಲ ಚೆಂಡು ಒಮ್ಮೆಯೂ ಗಟಾರಕ್ಕೆ ಬೀಳಲಿಲ್ಲ, ಪ್ರತಿ ಸರದಿಗೂ ಎರಡು ಚೆಂಡು ಸೇರಿ ನಾನು ಎಂಟು ಇಲ್ಲವೇ ಒಂಬತ್ತು ಪಿನ್ ಕೆಡವಿದೆ. ಮೈದುನ ಕೆಲವು ಸಲ ಐದನ್ನಷ್ಟೇ ಕೆಡವಿದ, ಒಂದು ಚೆಂಡನ್ನು ನೇರ ಗಟಾರಕ್ಕೇ ಬಿಟ್ಟ. ಪರದೆಯ ಮೇಲೆ ಮಾತ್ರ ಅವನಿಗೆ 130, ನನಗೆ 87! ಎಣಿಸಿ ನೋಡಿದರೆ ಅವನು ಕೆಡವಿದ್ದು ನನಗಿಂತ ಕಡಿಮೆ. ನಡುವೆ ಎಷ್ಟೋ ಹೊತ್ತು ಅವನ ಅಂಕದ ಜಾಗ ಖಾಲಿಯೇ ಇತ್ತು. ಯಂತ್ರ ಕೆಟ್ಟಿತ್ತೇ? ಪರದೆಯ ಫೋಟೊ ಲಗತ್ತಿಸಿದ್ದೇನೆ.
(ಗೃಹಿಣಿ, ನವನಗರ, ಬಾಗಲಕೋಟೆ)

ಉತ್ತರ: ತಂಗೀ, ಯಂತ್ರ ಕೆಟ್ಟಿರಲಿಲ್ಲ. ನಿಮ್ಮ ಎಣಿಕೆಯೂ ಸರಿಯಾಗಿಯೇ ಇದೆ: ನೀವು ಕೆಡವಿದ್ದು 87, ಮೈದುನ ಕೆಡವಿದ್ದು 82. ಆದರೂ 130 ಅಂಕ ಅವರಿಗೆ ನ್ಯಾಯವಾಗಿಯೇ ಬಂದಿದೆ. ಈ ಆಟದಲ್ಲಿ ಎಷ್ಟು ಪಿನ್ ಬಿದ್ದವು ಎಂಬುದರ ಜೊತೆಗೆ ಅವು ಯಾವುದರ ಬೆನ್ನಿಗೆ ಬಿದ್ದವು ಎಂಬುದಕ್ಕೂ ಬೆಲೆ ಇದೆ. ಅದಕ್ಕಾಗಿಯೇ ನನಗೆ ಈ ಆಟದ ಲೆಕ್ಕದ ಮೇಲೆ ಇಷ್ಟು ಪ್ರೀತಿ.

ಮೊದಲು ನಿಯಮ. ಒಂದು ಆಟಕ್ಕೆ ಹತ್ತು ಫ್ರೇಮ್, ಅಂದರೆ ಒಬ್ಬೊಬ್ಬರಿಗೆ ಹತ್ತು ಸರದಿ. ಒಂದು ಫ್ರೇಮಿನಲ್ಲಿ ಹತ್ತು ಪಿನ್ ಕೆಡವಲು ಎರಡು ಚೆಂಡುಗಳ ಅವಕಾಶ. ಎರಡೂ ಮುಗಿದ ಮೇಲೆ ಪಿನ್ ಉಳಿದಿದ್ದರೆ ಬಿದ್ದಷ್ಟೇ ಅಂಕ. ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಸ್ಟ್ರೈಕ್: ಹತ್ತು ಅಂಕ, ಅದರ ಮೇಲೆ ಮುಂದಿನ ಎರಡು ಚೆಂಡುಗಳಿಗೆ ಬಿದ್ದಷ್ಟು. ಎರಡನೆಯ ಚೆಂಡಿಗೆ ಉಳಿದದ್ದೆಲ್ಲ ಬಿದ್ದರೆ ಸ್ಪೇರ್: ಹತ್ತು ಅಂಕ, ಅದರ ಮೇಲೆ ಮುಂದಿನ ಒಂದು ಚೆಂಡಿಗೆ ಬಿದ್ದಷ್ಟು. ಪರದೆಯ ಮೇಲೆ ಸ್ಟ್ರೈಕಿಗೆ ಗುಣಾಕಾರದ ಗುರುತು, ಸ್ಪೇರಿಗೆ ಓರೆಗೆರೆ, ಒಂದೂ ಬೀಳದಿದ್ದರೆ ಅಡ್ಡಗೆರೆ.

ಮೈದುನನ ಜಾಗ ಖಾಲಿ ಇದ್ದದ್ದೂ ಇದರಿಂದಲೇ. ಸ್ಟ್ರೈಕ್ ಎಂದರೆ ಕಿರಾಣಿ ಅಂಗಡಿಯ ಉದ್ರಿ ಖಾತೆಯಂತೆ. ಹತ್ತು ಅಂಕ ಬರೆದಾಯಿತು, ಆದರೆ ಮುಂದಿನ ಎರಡು ಚೆಂಡು ಉರುಳುವ ತನಕ ಖಾತೆ ಚುಕ್ತಾ ಆಗುವುದಿಲ್ಲ, ಆದ್ದರಿಂದ ಮೊತ್ತವನ್ನೂ ಬರೆಯಲಾಗುವುದಿಲ್ಲ.

ಈಗ ನಿಮ್ಮ ಫೋಟೊ. ಮೈದುನನ ಮೊದಲೆರಡು ಫ್ರೇಮ್ ಸ್ಟ್ರೈಕ್. ಪರದೆಯಲ್ಲಿ ಎರಡು ಗುಣಾಕಾರದ ಗುರುತು ಮೂಡಿವೆ, ಅಂಕ ಒಂದೂ ಇಲ್ಲ. ಮೂರನೆಯ ಫ್ರೇಮಿನ ಮೊದಲ ಚೆಂಡಿಗೆ ಒಂಬತ್ತು ಬಿದ್ದವು. ಆಗ ಮೊದಲ ಫ್ರೇಮಿನ ಖಾತೆ ಮುಗಿಯಿತು: 10, 10, 9 ಕೂಡಿ 29. ಮರುಚೆಂಡಿಗೆ ಉಳಿದ ಒಂದೂ ಬಿದ್ದು ಸ್ಪೇರ್ ಆಯಿತು. ಆಗ ಎರಡನೆಯ ಫ್ರೇಮ್: 10, 9, 1 ಕೂಡಿ 20, ಮೊತ್ತ 49. ನಾಲ್ಕನೆಯ ಫ್ರೇಮಿನ ಮೊದಲ ಚೆಂಡಿಗೆ ಏಳು ಬಿದ್ದವು, ಹಾಗಾಗಿ ಮೂರನೆಯ ಫ್ರೇಮಿಗೆ 10 ಮತ್ತು 7, ಮೊತ್ತ 66. ಆ ನಾಲ್ಕನೆಯ ಫ್ರೇಮಿನ ಎರಡನೆಯ ಚೆಂಡು ವ್ಯರ್ಥವಾಯಿತು, ಏಳೇ ಉಳಿಯಿತು, ಮೊತ್ತ 73.

ಆ ಒಂಬತ್ತನ್ನು ಗಮನಿಸಿ. ಒಂದೇ ಚೆಂಡಿಗೆ ಬಿದ್ದ ಒಂಬತ್ತು ಪಿನ್ ಮೊದಲ ಫ್ರೇಮಿಗೆ ಒಮ್ಮೆ, ಎರಡನೆಯದಕ್ಕೆ ಒಮ್ಮೆ, ತನ್ನ ಸ್ವಂತ ಫ್ರೇಮಿಗೆ ಒಮ್ಮೆ, ಹೀಗೆ ಮೂರು ಸಲ ಎಣಿಕೆಯಾದವು. ನೀವೂ ಮೂರನೆಯ ಫ್ರೇಮಿನಲ್ಲಿ ಮೊದಲ ಚೆಂಡಿಗೆ ಒಂಬತ್ತು ಕೆಡವಿದ್ದೀರಿ. ಅಷ್ಟೇ ಪಿನ್, ಅಷ್ಟೇ ಶ್ರಮ. ಅವರಿಗೆ ಅದರಿಂದ 27, ನಿಮಗೆ 9.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಐದನೆಯದರಲ್ಲಿ ಮೂರು ಮತ್ತು ನಾಲ್ಕು, ಮೊತ್ತ 80. ಆರನೆಯದು ಸ್ಟ್ರೈಕ್, ಏಳನೆಯದು ಎಂಟು ಮತ್ತು ಎರಡರ ಸ್ಪೇರ್. ಆದ್ದರಿಂದ ಆರಕ್ಕೆ 20 ಸೇರಿ 100. ಎಂಟನೆಯದರ ಮೊದಲ ಚೆಂಡಿಗೆ ಎರಡೇ ಬಿದ್ದವು, ಹಾಗಾಗಿ ಏಳಕ್ಕೆ 12 ಮಾತ್ರ, ಮೊತ್ತ 112. ಒಳ್ಳೆಯ ಸ್ಪೇರ್ ಮುಂದಿನ ಚೆಂಡಿನ ದೌರ್ಬಲ್ಯದಿಂದ ಬಡವಾಗುವುದು ಹೀಗೆ. ಎಂಟನೆಯದಕ್ಕೆ ಐದು, ಒಂಬತ್ತನೆಯದಕ್ಕೆ ಗಟಾರದ ನಂತರ ಐದು, ಹತ್ತನೆಯದಕ್ಕೆ ಎಂಟು. 117, 122, 130.

ನಿಮ್ಮ ಹತ್ತು ಫ್ರೇಮುಗಳಲ್ಲಿ ಸ್ಟ್ರೈಕೂ ಇಲ್ಲ, ಸ್ಪೇರೂ ಇಲ್ಲ. ಅಂಥ ಆಟದಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ 90ರ ಮೇಲೆ ಹೋಗಲು ದಾರಿಯಿಲ್ಲ. ನಿಮ್ಮ 87 ಆ ಗಡಿಯ ಹತ್ತಿರವೇ ಇದೆ. ನಿಮ್ಮ ಕೈ ಹದವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೊರತೆ ಇರುವುದು ಎರಡನೆಯ ಚೆಂಡಿನಲ್ಲಿ. ಮೂರು ಮತ್ತು ಆರನೆಯ ಫ್ರೇಮುಗಳಲ್ಲಿ ಒಂಬತ್ತು ಬಿದ್ದು ಒಂಟಿ ಪಿನ್ ಉಳಿದಿತ್ತು. ಆ ಎರಡು ಒಂಟಿ ಪಿನ್‌ಗಳು ಬಿದ್ದಿದ್ದರೆ ಅವುಗಳ ಮುಂದಿನ ಚೆಂಡುಗಳಿಗೆ ಬಿದ್ದ ಆರು ಮತ್ತು ಏಳು ಸೇರಿ ಮೂರನೆಯ ಫ್ರೇಮಿಗೆ 16, ಆರನೆಯದಕ್ಕೆ 17 ಬರುತ್ತಿತ್ತು. ಎರಡು ಪಿನ್ನಿಗೆ ಹದಿನೈದು ಅಂಕ ಹೆಚ್ಚಿ ನಿಮ್ಮ ಮೊತ್ತ 102 ಆಗುತ್ತಿತ್ತು. ಮುಂದಿನ ಸಲ ಉಳಿದ ಒಂಟಿ ಪಿನ್ನಿನ ಎದುರು ನಿಂತಾಗ ಅವಸರ ಮಾಡಬೇಡಿ.

ಪ್ರಶ್ನೆ: ಸರ್, ಹತ್ತನೆಯ ಫ್ರೇಮಿನಲ್ಲಿ ಕೆಲವರಿಗೆ ಮೂರು ಚೆಂಡು, ಕೆಲವರಿಗೆ ಎರಡೇ. ಈ ತಾರತಮ್ಯ ಏಕೆ? ಹತ್ತು ಫ್ರೇಮಿಗೆ 300 ಅಂಕ ಹೇಗೆ ಬರುತ್ತದೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯಪುರ)

ಉತ್ತರ: ಇದು ತಾರತಮ್ಯವಲ್ಲಪ್ಪ, ಬಾಕಿ ತೀರಿಸುವ ವ್ಯವಸ್ಥೆ. ಹತ್ತನೆಯ ಫ್ರೇಮಿನಲ್ಲಿ ಸ್ಟ್ರೈಕ್ ಹೊಡೆದವನಿಗೆ ಮುಂದಿನ ಎರಡು ಚೆಂಡುಗಳ ಅಂಕ ಸಲ್ಲಬೇಕು. ಮುಂದೆ ಫ್ರೇಮೇ ಇಲ್ಲವಲ್ಲ? ಆದ್ದರಿಂದ ಅಲ್ಲಿಯೇ ಎರಡು ಚೆಂಡು ಹೆಚ್ಚಿಗೆ ಕೊಡುತ್ತಾರೆ. ಸ್ಪೇರ್ ಹೊಡೆದವನಿಗೆ ಒಂದು. ಎರಡೂ ಆಗದವನಿಗೆ ಬಾಕಿ ಇಲ್ಲ, ಆದ್ದರಿಂದ ಚೆಂಡೂ ಇಲ್ಲ.

ಆ ಹೆಚ್ಚಿನ ಚೆಂಡುಗಳನ್ನು ಆ ಫ್ರೇಮಿನಲ್ಲಿ ಒಂದೇ ಸಲ ಎಣಿಸಬೇಕು. ಹತ್ತನೆಯದರಲ್ಲಿ ಸ್ಟ್ರೈಕ್, ಆಮೇಲೆ ಏಳು, ಆಮೇಲೆ ಎರಡು ಬಿದ್ದರೆ ಆ ಫ್ರೇಮಿಗೆ 19, ಅಷ್ಟೇ. ಕೈಯಿಂದ ಲೆಕ್ಕ ಬರೆಯುವವರು ಏಳು ಮತ್ತು ಎರಡನ್ನು ಬೋನಸ್ ಎಂದು ಒಮ್ಮೆ, ಬಿದ್ದ ಪಿನ್ ಎಂದು ಮತ್ತೊಮ್ಮೆ ಕೂಡಿಸಿ 28 ಮಾಡುವುದನ್ನು ನೋಡಿದ್ದೇನೆ.

300 ಬರುವುದು ಎಲ್ಲವೂ ಸ್ಟ್ರೈಕ್ ಆದಾಗ. ಪ್ರತಿ ಸ್ಟ್ರೈಕಿನ ಮುಂದೆ ಇನ್ನೆರಡು ಸ್ಟ್ರೈಕ್ ಇದ್ದರೆ ಒಂದು ಫ್ರೇಮಿಗೆ 30. ಹತ್ತು ಫ್ರೇಮಿಗೆ 300. ಅದಕ್ಕೆ ಸತತ ಹನ್ನೆರಡು ಸ್ಟ್ರೈಕ್ ಬೇಕು. ಹನ್ನೊಂದು ಹೊಡೆದು ಕೊನೆಯ ಚೆಂಡು ಗಟಾರಕ್ಕೆ ಹೋದರೆ 290. ಕೊನೆಯ ಚೆಂಡಿಗೆ ಒಂಬತ್ತು ಬಿದ್ದರೆ 299. ಆ ಕೊನೆಯ ಚೆಂಡು ಯಾವ ಫ್ರೇಮಿಗೂ ಎರಡನೆಯ ಸಲ ಸಲ್ಲುವುದಿಲ್ಲ, ಆದ್ದರಿಂದ ಅದರ ಒಂದು ಪಿನ್ನಿಗೆ ಒಂದೇ ಅಂಕ.

ನಿಮ್ಮಂಥ ವಿದ್ಯಾರ್ಥಿಗಳಿಗೆ ಇನ್ನೊಂದು ಲೆಕ್ಕ. ಸ್ಟ್ರೈಕ್, ಸ್ಪೇರ್, ಸ್ಟ್ರೈಕ್, ಸ್ಪೇರ್ ಎಂದು ಕೊನೆಯ ತನಕ ಒಂದು ಬಿಟ್ಟು ಒಂದು ಹೊಡೆದರೆ ಮೊತ್ತ ಎಷ್ಟು? ಸ್ಪೇರಿನ ಮೊದಲ ಚೆಂಡಿಗೆ ಮೂರು ಬಿದ್ದಿರಲಿ, ಒಂಬತ್ತು ಬಿದ್ದಿರಲಿ, ಉತ್ತರ 200ಕ್ಕೆ ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ. ಸ್ಟ್ರೈಕಿನ ಮುಂದಿನ ಎರಡು ಚೆಂಡು ಸೇರಿ ಸ್ಪೇರ್ ಆಗುವುದರಿಂದ ಅವು ಯಾವಾಗಲೂ ಹತ್ತು. ಸ್ಪೇರಿನ ಮುಂದಿನ ಚೆಂಡು ಸ್ಟ್ರೈಕ್, ಅದೂ ಹತ್ತು. ಪ್ರತಿ ಫ್ರೇಮಿಗೂ ಇಪ್ಪತ್ತು. ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ, ಆ ಸುಖವೇ ಬೇರೆ.

ಪ್ರಶ್ನೆ: ಚೆಂಡು ಗಟಾರಕ್ಕೆ ಬಿದ್ದು, ಅಲ್ಲಿಂದ ಪುಟಿದು ಮೇಲೆ ಬಂದು ಪಿನ್ ಕೆಡವಿದರೆ ಅಂಕ ಉಂಟೋ? ಗೆರೆ ತುಳಿದರೆ ಏನಾಗುತ್ತದೆ?
(ವ್ಯಾಪಾರಿ, ಚಿಕ್ಕೋಡಿ)

ಉತ್ತರ: ಇಲ್ಲ. ಪಿನ್‌ಗಳನ್ನು ಮುಟ್ಟುವ ಮೊದಲೇ ಲೇನ್ ಬಿಟ್ಟ ಚೆಂಡು ಮತ್ತೆ ಬಂದು ಕೆಡವಿದ್ದಕ್ಕೆ ಲೆಕ್ಕವಿಲ್ಲ. ಹಿಂದಿನ ಮೆತ್ತೆಗೆ ಬಡಿದು ಮರಳಿದ ಚೆಂಡು ಕೆಡವಿದ್ದಕ್ಕೂ ಇಲ್ಲ. ಆದರೆ ಒಂದು ಪಿನ್ ಪಕ್ಕದ ಗೋಡೆಗೆ ಬಡಿದು ಮರಳಿ ಬಂದು ಇನ್ನೊಂದನ್ನು ಕೆಡವಿದರೆ ಅದು ಲೆಕ್ಕಕ್ಕೆ ಬರುತ್ತದೆ.

ಚೆಂಡು ಬಿಡುವ ಜಾಗದ ಗೆರೆಯಿಂದ ಎಲ್ಲಕ್ಕಿಂತ ಮುಂದಿರುವ ಪಿನ್ನಿಗೆ 60 ಅಡಿ. ಚೆಂಡು ಬಿಡುವಾಗ ಕಾಲು ಆ ಗೆರೆ ದಾಟಿದರೆ ಫೌಲ್, ಆ ಚೆಂಡಿಗೆ ಬಿದ್ದದ್ದೆಲ್ಲ ಸೊನ್ನೆ. ಫೌಲ್ ಆದದ್ದು ಫ್ರೇಮಿನ ಮೊದಲ ಚೆಂಡಾದರೆ ಹತ್ತೂ ಪಿನ್‌ಗಳನ್ನು ಮತ್ತೆ ನಿಲ್ಲಿಸುತ್ತಾರೆ. ಎರಡನೆಯ ಚೆಂಡಿಗೆ ಹತ್ತೂ ಬಿದ್ದರೆ ಅದು ಸ್ಪೇರ್, ಸ್ಟ್ರೈಕ್ ಅಲ್ಲ.

ಪ್ರಶ್ನೆ: ಮಾಸ್ತರರೇ, ಒಂದು ಅಂತಾರಾಷ್ಟ್ರೀಯ ಪಂದ್ಯದ ವಿಡಿಯೊ ನೋಡಿದೆ. ಸ್ಟ್ರೈಕ್ ಬಿದ್ದ ಕೂಡಲೇ ಪರದೆಯ ಮೇಲೆ 30 ಬಂತು. ಮುಂದಿನ ಚೆಂಡುಗಳಿಗೆ ಕಾಯಲೇ ಇಲ್ಲ. ನಿಯಮ ಬದಲಾಯಿತೇ?
(ನಿವೃತ್ತ ಅಂಚೆ ನೌಕರ, ಇಂಡಿ, ವಿಜಯಪುರ ಜಿಲ್ಲೆ)

ಉತ್ತರ: ಹಳೆಯ ನಿಯಮ ಹೋಗಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಬಂದಿದೆ. ಈಗಿನ ಅಂತಾರಾಷ್ಟ್ರೀಯ ಬೌಲಿಂಗ್ ಒಕ್ಕೂಟಕ್ಕೆ ವರ್ಲ್ಡ್ ಬೌಲಿಂಗ್ ಎಂಬ ಹೆಸರಿದ್ದಾಗ ತಂದ ಪದ್ಧತಿ ಅದು. ಸ್ಟ್ರೈಕಿಗೆ ಅಲ್ಲೇ 30. ಸ್ಪೇರಿಗೆ ಹತ್ತು ಮತ್ತು ಅದೇ ಫ್ರೇಮಿನ ಮೊದಲ ಚೆಂಡಿಗೆ ಬಿದ್ದಷ್ಟು. ಉಳಿದ ಫ್ರೇಮಿಗೆ ಬಿದ್ದಷ್ಟೇ. ಹತ್ತನೆಯದರಲ್ಲಿ ಹೆಚ್ಚಿನ ಚೆಂಡಿಲ್ಲ, ಹತ್ತು ಸ್ಟ್ರೈಕಿಗೇ 300. ನೋಡುವವರಿಗೆ ತಕ್ಷಣ ತಿಳಿಯಲಿ ಎಂಬುದು ಅದರ ಉದ್ದೇಶ, ಆ ಉದ್ದೇಶ ಒಳ್ಳೆಯದೇ.

ಬಾಗಲಕೋಟೆಯ ತಂಗಿಯ ಫೋಟೊವನ್ನು ಈ ಪದ್ಧತಿಯಲ್ಲಿ ಎಣಿಸಿದೆ. ಆಕೆಯ 87 ಹಾಗೆಯೇ ಉಳಿಯುತ್ತದೆ. ಮೈದುನನಿಗೆ ಮೂರು ಸ್ಟ್ರೈಕಿಗೆ 90, ಎರಡು ಸ್ಪೇರಿಗೆ 19 ಮತ್ತು 18, ಉಳಿದ ಐದು ಫ್ರೇಮಿಗೆ 32, ಒಟ್ಟು 159.

ನನ್ನ ಅಭಿಪ್ರಾಯ ಕೇಳಿದರೆ ಹಳೆಯದೇ ಉತ್ತಮ, ಕಾರಣವನ್ನೂ ಹೇಳುತ್ತೇನೆ. ಒಬ್ಬಳು ಆರು ಫ್ರೇಮಿನಲ್ಲಿ ಮೂರು ಸ್ಟ್ರೈಕ್ ಹೊಡೆದು, ಉಳಿದ ಮೂರರಲ್ಲಿ ಐದು ಮತ್ತು ನಾಲ್ಕು ಕೆಡವಿದಳು ಎನ್ನಿ. ಸ್ಟ್ರೈಕುಗಳು ಒಂದು ಬಿಟ್ಟು ಒಂದು ಬಂದರೆ ಹಳೆಯ ಪದ್ಧತಿಯಲ್ಲಿ 84. ಮೂರೂ ಮೊದಲಿಗೇ ಸಾಲಾಗಿ ಬಂದರೆ 30, 25, 19, ಆಮೇಲೆ ಮೂರು ಒಂಬತ್ತು, ಕೂಡಿ 101. ಬಿದ್ದ ಪಿನ್ ಎರಡರಲ್ಲೂ 57. ಹೊಸ ಪದ್ಧತಿಯಲ್ಲಿ ಎರಡಕ್ಕೂ 117. ಸತತ ಮೂರು ಸ್ಟ್ರೈಕ್ ಹೊಡೆಯುವುದು ಬಿಡಿ ಮೂರಕ್ಕಿಂತ ಕಠಿಣ. ಎರಡು ಬಿದ್ದ ಮೇಲೆ ಮೂರನೆಯ ಚೆಂಡು ಹಿಡಿದವಳ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಏಕೆಂದರೆ ಆ ಚೆಂಡಿನ ಪ್ರತಿ ಪಿನ್ನೂ ಮೂರು ಕಡೆ ಸಲ್ಲಬೇಕಿದೆ. ಹೊಸ ಎಣಿಕೆಯಲ್ಲಿ ಹತ್ತು ಫ್ರೇಮುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿಡಿಬಿಡಿಯಾಗುತ್ತವೆ.

1895ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಂಬ ಆಟದ ಸಂಘ ಹುಟ್ಟಿ ಊರಿಗೊಂದು ನಿಯಮವಿದ್ದ ಆಟಕ್ಕೆ ಒಂದೇ ನಿಯಮ ತಂದಿತು. 1946ರಲ್ಲಿ ಎಎಂಎಫ್ ಎಂಬ ಯಂತ್ರ ತಯಾರಿಸುವ ಕಂಪನಿ ಅಮೆರಿಕದ ಬಫಲೋ ನಗರದಲ್ಲಿ ಪಿನ್ ನಿಲ್ಲಿಸುವ ಯಂತ್ರವನ್ನು ಪ್ರದರ್ಶಿಸುವ ಕಾಲಕ್ಕೂ ಪಿನ್ ಜೋಡಿಸಲು ಹುಡುಗರು, ಅಂಕ ಬರೆಯಲು ಪೆನ್ಸಿಲ್ ಇದ್ದವು. ಜನಸಾಮಾನ್ಯರು ಪೆನ್ಸಿಲ್ ಹಿಡಿದು ಅಷ್ಟು ವರ್ಷ ನಿಭಾಯಿಸಿದ ಲೆಕ್ಕವನ್ನು ಕಷ್ಟ ಎಂದು ಪಕ್ಕಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ಒಂದೊಂದು ಚೆಂಡಿಗೆ ಬೀಳುವ ಪಿನ್ನುಗಳ ಲೆಕ್ಕದಲ್ಲಿ ಒಟ್ಟು ಎಷ್ಟು ಬಗೆಯ ಬೌಲಿಂಗ್ ಆಟಗಳು ಸಾಧ್ಯ? ನಾನು ಮತ್ತು ಮಗ ವಾದ ಹಾಕಿಕೊಂಡಿದ್ದೇವೆ.
(ಬ್ಯಾಂಕ್ ಉದ್ಯೋಗಿ, ಜಮಖಂಡಿ)

ಉತ್ತರ: ಒಂದು ಫ್ರೇಮಿನಿಂದ ಹೊರಡಿ. ಮೊದಲ ಚೆಂಡಿಗೆ ಸೊನ್ನೆ ಬಿದ್ದರೆ ಎರಡನೆಯದಕ್ಕೆ ಸೊನ್ನೆಯಿಂದ ಹತ್ತರವರೆಗೆ 11 ಸಾಧ್ಯತೆ. ಒಂದು ಬಿದ್ದರೆ 10. ಹೀಗೆ ಇಳಿಯುತ್ತ ಒಂಬತ್ತು ಬಿದ್ದರೆ 2. ಇವೆಲ್ಲ ಕೂಡಿ 65, ಸ್ಟ್ರೈಕ್ ಒಂದು ಸೇರಿ 66. ಮೊದಲ ಒಂಬತ್ತು ಫ್ರೇಮುಗಳಿಗೂ ಇದೇ. ಹತ್ತನೆಯದರಲ್ಲಿ ಹೆಚ್ಚಿನ ಚೆಂಡುಗಳಿರುವುದರಿಂದ 241: ಸ್ಟ್ರೈಕಿನಿಂದ ಶುರುವಾಗುವವು 76, ಸ್ಪೇರಿನವು 110, ಎರಡೂ ಇಲ್ಲದವು 55. ಈಗ 66ನ್ನು ಒಂಬತ್ತು ಸಲ ಗುಣಿಸಿ, ಅದನ್ನು 241ರಿಂದ ಗುಣಿಸಿ. ಸುಮಾರು 57 ಸಾವಿರ ಕೋಟಿ ಕೋಟಿ. ಇಷ್ಟು ಬಗೆಯ ಆಟಗಳಲ್ಲಿ 300 ತರುವುದು ಒಂದೇ ಒಂದು. ಸೊನ್ನೆ ತರುವುದೂ ಒಂದೇ ಒಂದು. ವಾದ ಯಾರು ಗೆದ್ದರೆಂದು ತಿಳಿಸಿ.

ಪ್ರಶ್ನೆ: ಸರ್, ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಮಕ್ಕಳು ಬೌಲಿಂಗ್ ಆಡುವ ಜಾಗ ನೋಡಿಲ್ಲ. ಈ ಎಣಿಕೆಯನ್ನು ಶಾಲೆಯಲ್ಲೇ ಕಲಿಸಬಹುದೇ?
(ಶಿಕ್ಷಕಿ, ಗೋಕಾಕ)

ಉತ್ತರ: ಖಂಡಿತ ಕಲಿಸಬಹುದು. ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ನಿಮ್ಮದು. ತಿಲಕವಾಡಿಯ ನಮ್ಮ ಮನೆಯ ಅಂಗಳದಲ್ಲಿ ಮೊಮ್ಮಕ್ಕಳಿಗೆ ನಾನು ಮಾಡಿಕೊಟ್ಟದ್ದನ್ನೇ ಹೇಳುತ್ತೇನೆ.

ಒಂದು ಲೀಟರಿನ ಹತ್ತು ಖಾಲಿ ನೀರಿನ ಬಾಟಲಿ ಕೂಡಿಸಿ. ತಳದಲ್ಲಿ ನಾಲ್ಕು ಬೆರಳಿನಷ್ಟು ಮರಳು ತುಂಬಿ ಮುಚ್ಚಳ ಬಿಗಿಯಿರಿ, ಇಲ್ಲವಾದರೆ ಗಾಳಿಗೇ ಸ್ಟ್ರೈಕ್ ಆಗುತ್ತದೆ. ನಿಜವಾದ ಪಿನ್ 15 ಇಂಚು ಎತ್ತರ, ಹೊಟ್ಟೆಯ ಹತ್ತಿರ 4.75 ಇಂಚು ಅಗಲ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 12 ಇಂಚು. ಬಾಟಲಿಯ ಅಗಲ ಸುಮಾರು 3 ಇಂಚು. ಹಾಗಾದರೆ ಬಾಟಲಿಗಳ ಅಂತರ ಎಷ್ಟಿರಬೇಕು? ಇದನ್ನು ಮಕ್ಕಳಿಂದಲೇ ಅನುಪಾತದ ಲೆಕ್ಕದಲ್ಲಿ ಮಾಡಿಸಿ. ಸುಮಾರು ಏಳೂವರೆ ಇಂಚು ಬರುತ್ತದೆ. ಬೌಲಿಂಗ್ ಚೆಂಡಿನ ಅಗಲ ಎಂಟೂವರೆ ಇಂಚು, ಅದೇ ಅನುಪಾತದಲ್ಲಿ ನಿಮಗೆ ಬೇಕಾದದ್ದು ಸುಮಾರು ಐದೂವರೆ ಇಂಚಿನ ರಬ್ಬರ್ ಚೆಂಡು. ಫುಟ್‌ಬಾಲ್ ತಂದರೆ ಎಲ್ಲವೂ ಸುಲಭವಾಗಿ ಬೀಳುತ್ತವೆ, ಟೆನಿಸ್ ಚೆಂಡು ಸಂದಿಯಲ್ಲಿ ನುಸುಳಿ ಹೋಗುತ್ತದೆ. ಮುಂದೆ ಒಂದು, ಅದರ ಹಿಂದೆ ಎರಡು, ಮೂರು, ನಾಲ್ಕು, ಹೀಗೆ ತ್ರಿಕೋನವಾಗಿ ನಿಲ್ಲಿಸಿ. ನೆಲದ ಮೇಲೆ ಹತ್ತು ಜಾಗಗಳಿಗೂ ಸುಣ್ಣದ ಗುರುತು ಹಾಕಿದರೆ ಮತ್ತೆ ನಿಲ್ಲಿಸುವುದು ಸುಲಭ. ಇಪ್ಪತ್ತು ಅಡಿ ದೂರದಲ್ಲಿ ಗೆರೆ ಎಳೆಯಿರಿ.

ಇಬ್ಬರು ಆಡಲಿ, ಒಬ್ಬರು ಬಾಟಲಿ ನಿಲ್ಲಿಸಲಿ, ಒಬ್ಬರು ಬರೆಯಲಿ. ಬರೆಯುವ ಮಗುವಿನ ಕೈಗೆ ಗಣಿತದ ಚೌಕಳಿ ವಹಿ ಕೊಡಿ. ಒಬ್ಬ ಆಟಗಾರನಿಗೆ ಒಂದು ಸಾಲು, ಸಾಲಿನಲ್ಲಿ ಹತ್ತು ದೊಡ್ಡ ಚೌಕ, ಪ್ರತಿ ಚೌಕದ ಮೇಲ್ಭಾಗದಲ್ಲಿ ಎರಡು ಚಿಕ್ಕ ಮನೆ. ಚಿಕ್ಕ ಮನೆಗಳಲ್ಲಿ ಒಂದೊಂದು ಚೆಂಡಿಗೆ ಬಿದ್ದದ್ದು, ಕೆಳಗೆ ಆ ತನಕದ ಮೊತ್ತ. ಸ್ಟ್ರೈಕ್ ಅಥವಾ ಸ್ಪೇರ್ ಆದ ಚೌಕದ ಕೆಳಗೆ ಪೆನ್ಸಿಲ್ ಇಡಲು ಮಕ್ಕಳ ಕೈ ತವಕಿಸುತ್ತದೆ. ಅಲ್ಲಿ ತಡೆಯಿರಿ, ಮುಂದಿನ ಚೆಂಡು ಉರುಳಲಿ. ಬರೆಯುವ ಸರದಿ ಎಲ್ಲರಿಗೂ ಬರಬೇಕು. ಆಡುವವರಿಗಿಂತ ಬರೆಯುವ ಮಗುವೇ ಹೆಚ್ಚು ಕಲಿಯುತ್ತದೆ. ಮೊದಲ ದಿನ ಐದೇ ಫ್ರೇಮ್ ಆಡಿಸಿದರೆ ಸಾಕು. ಪೂರ್ತಿ ಹತ್ತಕ್ಕೆ ಹೋದಾಗ ಕೊನೆಯ ಚೌಕದಲ್ಲಿ ಎರಡರ ಬದಲು ಮೂರು ಚಿಕ್ಕ ಮನೆ ಬಿಡಲು ಹೇಳಿ.